ಇಲಿಮರಿ ಕೇಳಿಕೊಂಡು ಬಂದವನು

ಹೇಮಾ,

ಇದನ್ನು ನಿನಗೆ ಕಳಿಸಲ್ಲ. ಆದ್ರೂ ಬರೀದಿದ್ರೆ ನನ್ನ ಸಿಟ್ಟು ಇಳಿಯಲ್ಲ ಕಣೇ.

ಇವತ್ತು ಬೆಳಿಗ್ಗೆ ನಮ್ಮ ಬೀರೂರಿನ ಮನೆಗೆ ಒಬ್ಬ ಬಂದಿದ್ದ. ನಾವಿಬ್ಬರೂ ಸೇರಿ ಸಾಕಿದ ಬಿಳಿ ಇಲಿಗಳ ಮರಿ ಬೇಕಂತೆ. "ಮನೇಲಿ ಮಕ್ಕಳಿಗಾ?" ಅಂತ ಖುಷಿಯಿಂದ ಕೇಳಿದೆ. ನಕ್ಬಿಟ್ಟ.

"ಮಕ್ಕಳಿಗಲ್ಲಕ್ಕ, ನಾನು ಸಾಕಿರೋ ಹಾವಿಗೆ. ಹೇಮಕ್ಕ ಊರು ಬಿಟ್ಟು ಹೋಗೋ ಮುಂಚೆ ಅವರೇ ತಂದು ಕೊಡ್ತಿದ್ರಲ್ಲ!"

ನನ್ನ ಹತ್ರ ಏನಂದಿದ್ದೆ ನೀನು? ತರೀಕೆರೇಲಿ ಒಂದು ಮಗು ಸಾಕೋಕೆ ಕೇಳ್ತು, ಕಡೂರಲ್ಲಿ ಇನ್ನೊಂದು ಮಗು ಕೇಳ್ತು ಅಂತ. ಮರಿಗಳಿಗೆ ಚಳಿಯಾದೀತು ಅಂತ ನಾನು ಹಳೇ ಸೀರೆ ಹರಿದು ಪುಟ್ಟ ಹಾಸಿಗೆ ಹೊಲಿದು ಕೊಡ್ತಿದ್ದೆ. ನೀನು ಅದನ್ನೂ ನಗುನಗ್ತಾ ತಗೊಂಡು ಹೋಗ್ತಿದ್ದೆ. ಹೆಂಗೆ ಮನಸ್ಸು ಬಂತೇ ನಿನಗೆ? ಮರಿ ಜಾಸ್ತಿ ಆದ್ವು, ಸಾಕೋಕಾಗಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ?

ಅವನನ್ನು ಬಾಯಿಗೆ ಬಂದಂಗೆ ಬೈದು ಅಟ್ಟಿದೆ. ಗಂಡು, ಹೆಣ್ಣು ಇಲಿಗಳನ್ನ ಬೇರೆಬೇರೆ ಪಂಜರಕ್ಕೆ ಹಾಕಿದೆ. ಇನ್ನು ಈ ಮನೇಲಿ ಮರಿ ಹುಟ್ಟಲ್ಲ.

ನಿನ್ನ ಹೆಗಲೇರಿ ಕೂರ್ತಿದ್ದ ಮುದುಕಿ ಇಲಿ ಮಾತ್ರ, ಯಾರಾದ್ರೂ ಬಾಗಿಲು ತಟ್ಟಿದ್ರೆ ನೀನೇ ಬಂದೆ ಅಂತ ಈಗಲೂ ಪಂಜರದ ಕಂಬಿ ಹಿಡಿದು ಎದ್ದು ನಿಲ್ಲುತ್ತೆ. ಅದಕ್ಕೆ ಏನಂತ ಹೇಳ್ಲೇ?

ವಿದ್ಯಾಶ್ರೀ