ಟಾಲಿವರ್ ಎಸೆಯುವುದನ್ನು ನೋಡದವನು

ಸೆಪ್ಟೆಂಬರ್ 8, ಭಾನುವಾರ. ಸಂಜೆ

...ಆದರೂ ನಾನು ಹೇಳುವುದು ಅದೇ. ಇಪ್ಪತ್ತೆರಡರ ಹುಡುಗನ ತಲೆಯ ಮೇಲೆ ಇಡೀ ಊರನ್ನು ಹೊರಿಸಬಾರದು. ನಿನ್ನೆ ಫೋನಿನಲ್ಲಿ ಝಿಗ್ಗಿಗೂ ಇದನ್ನೇ ಹೇಳಿದ್ದು. ಅವನು ಕೇಳಬೇಕಲ್ಲ. ಕೇಳುವ ವಂಶವೇ ಅಲ್ಲ ಅದು. ನನ್ನ ಹೆಂಡತಿ ಇರೇನಾಳ ತಮ್ಮ ತಾನೇ. "ಭಾವಾ, ನಮ್ಮ ಹ್ಯಾಮರ್ಸ್‌ಗೆ ನೆಟ್ಟಗೆ ಚೆಂಡು ಎಸೆಯೋ ಒಬ್ಬ ಕ್ವಾರ್ಟರ್‌ಬ್ಯಾಕ್ ಸಿಗ್ಲಿ ಅಂತ ಕಾದು ಕಾದು ನನ್ನ ಕೂದ್ಲೇ ಹೋಯ್ತು. ಈಗ ಸಿಕ್ಕಿದ್ದಾನೆ. ಕನಸು ಕಾಣೋಕೆ ಬಿಡು ಮಾರಾಯಾ."

ಸರಿ, ಕಾಣಲಿ. ಇವತ್ತು ನಮ್ಮ ತಂಡದ ಈ ಸೀಸನ್ನಿನ ಮೊದಲ ಫುಟ್‌ಬಾಲ್ ಆಟ. ಟಿವಿ ಮುಂದೆ, ಎಂದಿನಂತೆ ಅವನ ಮನೆಯಲ್ಲೇ. ಅವನ ಹೆಂಡತಿ ಬರ್ನಡೆಟ್ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಕರಿದಿದ್ದಳು. ಇರೇನಾ ತೀರಿಕೊಂಡ ಮೇಲೆ ನನಗೆ ಮನುಷ್ಯರ ಮಧ್ಯೆ ಕೂತು ಉಣ್ಣುವುದು ಅಂತ ಇರುವುದು ಈ ಭಾನುವಾರ ಒಂದೇ.

ಹುಡುಗನ ಹೆಸರು ಎಜ್ರಾ ಟಾಲಿವರ್. ಲೂಯಿಸಿಯಾನದ ಯಾವುದೋ ಸಣ್ಣ ಕಾಲೇಜಿನವನು. ಅರ್ಧ ಆಟ ಮುಗಿದರೂ ಏನೂ ನಡೆಯಲಿಲ್ಲ. ಚೆಂಡು ಕೈಗೆ ಬಂದ ಕೂಡಲೇ ಬಿಸಿ ಪಾತ್ರೆ ಮುಟ್ಟಿದವನ ಹಾಗೆ ಆಡುತ್ತಿದ್ದ. ಬರ್ನಡೆಟ್ ಅಂದಳು, "ಕ್ಯಾಸ್, ಗ್ಯಾರೇಜ್ ಫ್ರಿಜ್‌ನಲ್ಲಿ ಬಿಯರ್ ಇದೆ, ತರ್ತೀಯಾ?" ಹೋದೆ. ಫ್ರಿಜ್ ಬಾಗಿಲು ತೆಗೆದಿರಲಿಲ್ಲ, ಮನೆ ಹಾರಿಹೋಗುವಂಥ ಕೂಗು. ಓಡಿ ಬಂದೆ. ಟಾಲಿವರ್ ಅರ್ಧ ಮೈದಾನ ದಾಟಿಸಿ ಎಸೆದಿದ್ದನಂತೆ! ಕೂತೆ. ಮುಂದಿನ ಚೆಂಡನ್ನು ನೇರವಾಗಿ ಎದುರಾಳಿಯ ಕೈಗೆ ಕೊಟ್ಟ. ಬೇಜಾರಾಗಿ ಬಚ್ಚಲಿಗೆ ಹೋದೆ. ಮತ್ತೆ ಕೂಗು. ಕೈ ಒರೆಸಿಕೊಳ್ಳುತ್ತ ಬಂದರೆ ಗಂಡ ಹೆಂಡತಿ ಇಬ್ಬರೂ ಟಿವಿ ನೋಡುತ್ತಿಲ್ಲ. ನನ್ನನ್ನು ನೋಡುತ್ತಿದ್ದಾರೆ.

ಝಿಗ್ಗಿ ಮೆಲ್ಲಗೆ ಅಂದ: "ಭಾವಾ... ತಪ್ಪು ತಿಳ್ಕೋಬೇಡ. ಸ್ವಲ್ಪ ಹೊರಗೆ ಹೋಗ್ತೀಯಾ?"

ಹೋದೆ. ಗೆದ್ದೆವು.

ಸೆಪ್ಟೆಂಬರ್ 15, ಭಾನುವಾರ

ಗ್ಯಾರೇಜು. ಹಿಮ ತಳ್ಳುವ ಯಂತ್ರಕ್ಕೂ ಕ್ರಿಸ್ಮಸ್ ದೀಪಗಳ ಡಬ್ಬಕ್ಕೂ ನಡುವೆ ಒಂದು ಮಡಚುವ ಕುರ್ಚಿ. ಬರ್ನಡೆಟ್ ತಟ್ಟೆ ತಂದುಕೊಟ್ಟು, "ಜೈಲಲ್ಲಿ ಇಷ್ಟು ಒಳ್ಳೆ ಸಾಸೇಜ್ ಸಿಗುತ್ತಾ ಹೇಳು" ಎಂದಳು. ಗೋಡೆಯ ಆಚೆಯ ಸದ್ದಿನ ಮೇಲೇ ಲೆಕ್ಕ. ನೆಲ ಗುದ್ದಿದರೆ ಒಳ್ಳೆಯದು. ಝಿಗ್ಗಿ ಯೇಸುವನ್ನು ಕರೆದರೆ ಕೆಟ್ಟದ್ದು.

ಮತ್ತೆ ಗೆದ್ದೆವು. ಈಗ ಇದು ಕಾನೂನು. ಝಿಗ್ಗಿಯ ತೀರ್ಪು: ಸೀಸನ್ ಮುಗಿಯುವವರೆಗೆ ನಾನು ಆಟ ನೋಡಬಾರದು. ನೇರವಾಗಿಯೂ ಇಲ್ಲ, ಆಮೇಲೆ ತೋರಿಸುವ ತುಣುಕುಗಳೂ ಇಲ್ಲ. ಕೇಳಬಹುದು. ಬಚ್ಚಲು ಬಳಸಬಹುದು, ಆದರೆ ಹಿಂಬಾಗಿಲಿನಿಂದ.

ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೆ, ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿಕೊಂಡು ಹೋಗಿ. ಪ್ರೊಫೆಸರ್ ಒಬ್ಬರು ಇದಕ್ಕೊಂದು ಲ್ಯಾಟಿನ್ ಹೆಸರು ಹೇಳಿದ್ದರು. ಮೊದಲು ನಡೆದದ್ದೇ ಆಮೇಲೆ ನಡೆದದ್ದಕ್ಕೆ ಕಾರಣ ಅಂದುಕೊಳ್ಳುವ ತಪ್ಪು. ಪೋಸ್ಟ್ ಹಾಕ್... ಮುಂದೆ ಏನೋ. ನಿದ್ದೆ ಹೋಗಿದ್ದೆನೋ ಏನೋ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಅಂತ ಅರ್ಥ. ಗೊತ್ತು. ಆದರೂ ಕಾಗೆ ಎರಡು ಸಲ ಕೂತಿತು, ಕೊಂಬೆ ಎರಡು ಸಲ ಮುರಿಯಿತಲ್ಲ.

ಇರೇನಾ ಇದ್ದಿದ್ದರೆ ನಕ್ಕಿರುತ್ತಿರಲಿಲ್ಲ. ಒಂದು ವರ್ಷ ಸೀಸನ್ ಪೂರ್ತಿ ಒಂದೇ ಜೊತೆ ಹಳದಿ ಕಾಲುಚೀಲ ಹಾಕಿದವಳು. ಒಗೆಯದೆ.

ಸೆಪ್ಟೆಂಬರ್ 29, ಭಾನುವಾರ

ಇವತ್ತು ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ ಕೂತಿದ್ದೆ, ಸರೋವರದ ಗಾಳಿ ಹಿತವಾಗಿತ್ತು. ಝಿಗ್ಗಿಯ ಪಕ್ಕದ ಮನೆಯ ಲೊರೇನ್ ಬಂದು ಬಗ್ಗಿ ನೋಡಿದಳು. ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದವಳು, ಈಗ ರಿಟೈರ್ಡ್. ಇವಳ ಗಂಡನೂ ಹೋಗಿ ಬಹಳ ಕಾಲವಾಯಿತು.

"ಮನೆಯಿಂದ ಹೊರಗೆ ಹಾಕಿದ್ರಾ ನಿಮ್ಮನ್ನ?"

ವಿಷಯ ಹೇಳಿದೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು.

"ಅಂದ್ರೆ ನೀವು ಇಲ್ಲಿ ಕೂತ್ರೆ ಅಲ್ಲಿ ಆ ಹುಡ್ಗ ಸರಿಯಾಗಿ ಎಸೀತಾನೆ."

"ಹೌದು."

"ನನ್ನ ಬಸ್ಸಲ್ಲಿ ಆರು ವರ್ಷದ ಮಕ್ಕಳು ಇದಕ್ಕಿಂತ ಬುದ್ಧಿವಂತ್ರಾಗಿದ್ರು."

ಹೋದಳು. ಹತ್ತು ನಿಮಿಷಕ್ಕೆ ರೇಡಿಯೋ ಮತ್ತೆ ತನ್ನದೇ ಒಂದು ಕುರ್ಚಿ ಹಿಡಿದು ಬಂದಳು. ಗೆದ್ದೆವು. ಝಿಗ್ಗಿ ಹೊರಗೆ ಬಂದು ಅವಳನ್ನು ನೋಡಿ ಯೋಚಿಸಿದ. "ಇವ್ರೂ ಇಲ್ಲೇ ಇರ್ಲಿ. ಏನೂ ಬದಲಾಯಿಸೋದು ಬೇಡ."

ಅಕ್ಟೋಬರ್ 22, ಮಂಗಳವಾರ

ಬರೆಯಲಿಲ್ಲ ಬಹಳ ದಿನ. ಬರೆಯಲು ಏನಿದೆ, ಗೆಲ್ಲುತ್ತಲೇ ಇದ್ದೇವೆ. ಒಂದೇ ಒಂದು ಸೋಲು. ಅವತ್ತು ನನಗೆ ಶೀತವಾಗಿ ಮನೆಯಲ್ಲೇ ಮಲಗಿದ್ದೆ. ಗ್ಯಾರೇಜಿನಲ್ಲಿ ಇರಲಿಲ್ಲ ಎಂಬುದೇ ಕಾರಣವಾಯಿತು.

ಕ್ಷೌರದಂಗಡಿಗೆ ಹೋಗಿದ್ದೆ. ಅಲ್ಲಿ ಇರುವುದು ಒಂದೇ ಮಾತು. ಕ್ಷೌರಿಕ ನನ್ನ ತಲೆಯನ್ನು ಅರ್ಧಕ್ಕೆ ಬಿಟ್ಟು, ಬಾಚಣಿಗೆ ಹಿಡಿದು ಟಾಲಿವರ್ ಎಸೆಯುವುದನ್ನು ಮಾಡಿ ತೋರಿಸಿದ. "ಹೀಗೆ ಎಡಕ್ಕೆ ಓಡ್ತಾ ಇರ್ತಾನೆ, ನೋಡೋದೂ ಎಡಕ್ಕೆ, ಎಸೆಯೋದು ಬಲಕ್ಕೆ! ನೋಡಿದ್ರಾ ಭಾನುವಾರ?" ಹೌದೆಂದು ತಲೆಯಾಡಿಸಿದೆ. ಇಲ್ಲ ಅಂದರೆ ಕಾರಣ ಹೇಳಬೇಕು.

ಊರಲ್ಲಿ ಅವನ ಒಂದು ಒಳ್ಳೆಯ ಎಸೆತವನ್ನೂ ನೋಡದವನು ನಾನೊಬ್ಬನೇ. ಇಡೀ ಜೀವಮಾನ ಕೆಟ್ಟ ಆಟ ನೋಡಿದೆ. ಚಳಿಯಲ್ಲಿ ಸ್ಟೇಡಿಯಮ್ಮಿನಲ್ಲಿ ಕೂತು, ಹಲ್ಲು ಕಟಕಟ ಅನ್ನುತ್ತ, ಒಂದೊಂದು ಕೆಟ್ಟ ಎಸೆತವನ್ನೂ ನೋಡಿದೆ. ಒಳ್ಳೆಯದು ಬಂದಾಗ ಗೋಡೆ ನೋಡುತ್ತಾ ಕೂತಿದ್ದೇನೆ. ಮುಂದಿನ ವರ್ಷ ನೋಡಿದರಾಯಿತು ಎನ್ನುತ್ತಾನೆ ಝಿಗ್ಗಿ. ಎಪ್ಪತ್ತಮೂರಕ್ಕೆ ಮುಂದಿನ ವರ್ಷ ಅನ್ನುವುದು...

ಬೇಡ. ಸೂಪ್ ಬಿಸಿ ಮಾಡಬೇಕು.

ನವೆಂಬರ್ 10, ಭಾನುವಾರ. ಆರು ಗಂಟೆ

ಬರೆದುಬಿಡುತ್ತೇನೆ.

ಲೊರೇನ್ ಅಂದಳು, "ನನ್ನ ಅಡುಗೆಮನೇಲಿ ಟಿವಿ ಇದೆ. ಒಂದು ಎಸೆತ. ಝಿಗ್ಗಿಗೆ ಗೊತ್ತಾಗಲ್ಲ." ಬೇಡ ಎಂದೆ. ಮತ್ತೆ ಅಂದಳು. ಹ್ಯಾಮರ್ಸ್ ಎಷ್ಟೋ ಮುಂದಿದ್ದರು, ಸೋಲುವ ಮಾತೇ ಇರಲಿಲ್ಲ. ಬೇಲಿ ದಾಟಿ ಹೋದೆ. ಕೋಟನ್ನೂ ತೆಗೆಯಲಿಲ್ಲ, ಕೂರಲೂ ಇಲ್ಲ. ಸಿಂಕಿನ ಪಕ್ಕದಲ್ಲಿ ನಿಂತೆ.

ಚೆಂಡು ಅವನ ಕೈಗೆ ಬಂತು. ಎರಡು ಹೆಜ್ಜೆ ಹಿಂದೆ ಸರಿದ. ಆಗಲೇ ಆ ಕಡೆಯ ದೈತ್ಯನೊಬ್ಬ ಪಕ್ಕದಿಂದ ಬಂದು ಬಿದ್ದ. ಟಾಲಿವರ್ ಎಸೆಯಲೇ ಇಲ್ಲ. ಏಳಲೂ ಇಲ್ಲ. ಹುಲ್ಲಿನ ಮೇಲೆ ಮಂಡಿ ಹಿಡಿದುಕೊಂಡು ಬಿದ್ದಿದ್ದ. ಗಾಡಿಯಲ್ಲಿ ಕರೆದೊಯ್ದರು.

ಓಡಿದೆ. ಈ ವಯಸ್ಸಿನಲ್ಲಿ ಬೇಲಿ ಹೇಗೆ ಹತ್ತಿದೆನೋ. ಕುರ್ಚಿಯಲ್ಲಿ ಕೂತು ಉಸಿರು ಬಿಡುವಷ್ಟರಲ್ಲಿ ಝಿಗ್ಗಿ ಹೊರಗೆ ಬಂದ. ಮುಖ ಬೂದಿಯಾಗಿತ್ತು. "ಭಾವಾ, ನೀನು ಇಲ್ಲೇ ಇದ್ಯಲ್ಲ?"

"ಇಲ್ಲೇ ಇದ್ದೆ."

ಲೊರೇನ್ ಆಮೇಲೆ ಬಂದು ಅಂದಳು, "ನಿನ್ನಿಂದ ಆಗಿದ್ದಲ್ಲ ಕ್ಯಾಸ್. ಅದಕ್ಕೆ ಕಾರಣ ಇನ್ನೂರೈವತ್ತು ಪೌಂಡ್ ತೂಕದ ಒಬ್ಬ ಮನುಷ್ಯ." ಪೋಸ್ಟ್ ಹಾಕ್. ಗೊತ್ತು. ಎಲ್ಲ ಗೊತ್ತು.

ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್. ಮಧ್ಯಾಹ್ನ

ಝಿಗ್ಗಿಯ ಮನೆಯಿಂದ ಬೇಗ ಬಂದುಬಿಟ್ಟೆ. ಟರ್ಕಿ ಕೋಳಿಯನ್ನು ಇನ್ನೂ ಅರ್ಧವಷ್ಟೇ ಕೊಯ್ದಾಗಿತ್ತು.

ಟಾಲಿವರ್ ಇಲ್ಲದ ಎರಡು ಆಟವೂ ಸೋತೆವು. ಊಟಕ್ಕೆ ಮೊದಲು ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಅಂತ ಹೇಳಬೇಕಲ್ಲ. ಝಿಗ್ಗಿ ಅಂದ, "ಭಾವ ಒಂದು ದಿನಾನೂ ಮಾತು ತಪ್ಪಲಿಲ್ಲ, ಅದಕ್ಕೆ." ಹೇಳಿಬಿಟ್ಟೆ. ಬೇಲಿ, ಅಡುಗೆಮನೆ, ಸಿಂಕು, ಎಲ್ಲ.

ಝಿಗ್ಗಿ ಚಾಕು ಕೆಳಗಿಟ್ಟ.

"ಒಂದು ಸೀಸನ್. ಒಂದೇ ಒಂದು ಸೀಸನ್ ಕೇಳ್ದೆ ನಿನ್ನ."

"ಝಿಗ್ಗಿ, ನೀನು ಗಂಭೀರವಾಗಿ..." ಬರ್ನಡೆಟ್ ನಗಲು ನೋಡಿದಳು.

"ಅಕ್ಕ ಇದ್ದಿದ್ರೆ ಇವನ ಕಾಲಿಗೆ ಹಗ್ಗ ಕಟ್ಟಿ ಕೂರಿಸ್ತಿದ್ಲು!"

ಆ ಮಾತಿಗೆ ಎದ್ದೆ. ನನಗೂ ಕೋಪ ಬಂತು. "ನಿನ್ನಕ್ಕ ಇದ್ದಿದ್ರೆ ನನ್ನನ್ನ ಹೊರಗೆ ಕೂರಿಸ್ತಾನೇ ಇರ್ಲಿಲ್ಲ" ಎಂದೆ. ನಿಜವೋ ಸುಳ್ಳೋ ಗೊತ್ತಿಲ್ಲ. ಬಾಗಿಲಲ್ಲಿ ಬರ್ನಡೆಟ್ ಕೈಗೊಂದು ಡಬ್ಬ ತುರುಕಿದಳು. ಮಾಂಸ, ಆಲೂಗಡ್ಡೆ. ಮೇಜಿನ ಮೇಲಿದೆ. ತಣ್ಣಗಾಗಿದೆ.

ಡಿಸೆಂಬರ್ 15, ಭಾನುವಾರ

ಝಿಗ್ಗಿಯ ಫೋನಿಲ್ಲ. ನಾನೂ ಮಾಡಿಲ್ಲ. ಟಿವಿ ಹಾಕಲಿಲ್ಲ. ಹಾಕಲು ಈಗ ಯಾರ ಅಡ್ಡಿ? ಆದರೂ. ಒಬ್ಬನೇ ನೋಡಿ ಯಾರ ಕಡೆಗೆ ತಿರುಗಿ ಕೂಗಲಿ?

ಹಿಮ ಬಿದ್ದಿದೆ. ಲೊರೇನ್ ನನ್ನ ಮನೆಗೇ ರೇಡಿಯೋ ತಂದಳು. ಬದಲಿಗೆ ಬಂದ ಆಟಗಾರ ಹೇಗೋ ಒಂದು ಗೆದ್ದುಕೊಟ್ಟ.

ಜನವರಿ 4, ಶನಿವಾರ

ಟಾಲಿವರ್ ನಾಳೆ ಆಡುತ್ತಾನೆ! ಮಂಡಿ ಸರಿಹೋಯಿತಂತೆ. ನಾಳೆ ಗೆದ್ದರೆ ಮುಂದಿನ ಸುತ್ತು, ಪ್ಲೇಆಫ್. ಸೋತರೆ ಮನೆಗೆ.

ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ಝಿಗ್ಗಿ. ಬೂಟಿನ ಹಿಮ ಕೊಡವುತ್ತ ಕೊಡವುತ್ತ ಒಳಗೆ ಬರಲೇ ಇಲ್ಲ.

"ಗ್ಯಾರೇಜಿಗೆ ಹೀಟರ್ ಹಾಕ್ಸಿದ್ದೀನಿ" ಎಂದ. "ಹೊಸದು. ನಾಳೆ ಬಾ ಭಾವಾ."

ಇದು ಅವನು ಕ್ಷಮೆ ಕೇಳುವ ರೀತಿ. ಇದಕ್ಕಿಂತ ಹೆಚ್ಚು ಆ ವಂಶದಲ್ಲಿ ಯಾರೂ ಕೇಳಿದ್ದಿಲ್ಲ. ನಾನು ಸುಮ್ಮನೆ ಹೂಂ ಅನ್ನಬಹುದಿತ್ತು. ಅನ್ನಲಿಲ್ಲ.

"ಬರ್ತೀನಿ. ಆದ್ರೆ ಒಳಗೆ ಕೂರ್ತೀನಿ."

"ಭಾವಾ, ನಾಳೆ..."

"ಗೊತ್ತು ನಾಳೆ ಏನಂತ. ಸೋತ್ರೆ ಬೈಕೋ, ಸಾಯೋವರೆಗೂ ಬೈಕೋ. ಆ ಹುಡುಗ ಎಸೆಯೋದನ್ನ ನಾನು ನೋಡ್ಬೇಕು ಝಿಗ್ಗಿ. ನಿನ್ನ ಪಕ್ಕ ಕೂತು ನೋಡ್ಬೇಕು."

ಇನ್ನೊಂದು ಸಲ ಬೂಟು ಕೊಡವಿದ. "ಒಂದು ಗಂಟೆಗೆ ಆಟ" ಎಂದು ಹೊರಟುಹೋದ.

ಜನವರಿ 5, ಭಾನುವಾರ. ಕಿಟಕಿಯ ಬಳಿ

ಸೋತೆವು. ಅದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಉಳಿದದ್ದು.

ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕೂತೆ. ಲೊರೇನ್ ನನ್ನ ಹಿಂದೆಯೇ ಬಂದು ಕೂತಳು. ಮೊದಲ ಸಲವೇ ಟಾಲಿವರ್‌ನ ಕೈಯಿಂದ ಚೆಂಡು ಜಾರಿ ಎದುರಾಳಿಗೆ ಹೋಯಿತು. ಬರ್ನಡೆಟ್ ಚಿಪ್ಸ್ ಬಟ್ಟಲನ್ನೇ ನೋಡುತ್ತಿದ್ದಳು. ಎರಡನೆಯ ಸಲ ಎದುರಾಳಿಯ ಕೈಗೇ ಎಸೆದ. ನನಗೆ ತಡೆಯಲಾಗಲಿಲ್ಲ. ಕೋಟು ಎತ್ತಿಕೊಂಡು ಏಳಹೋದೆ.

ಝಿಗ್ಗಿ ಟಿವಿಯಿಂದ ಕಣ್ಣು ತೆಗೆಯದೆ ನನ್ನ ಮಣಿಕಟ್ಟು ಹಿಡಿದ.

"ಎಲ್ಲಿಗೆ?"

"ಹೊರಗೆ. ಇನ್ನೂ ಹೊತ್ತು ಮೀರಿಲ್ಲ."

"ಕೂತ್ಕೋ."

"ಝಿಗ್ಗಿ, ನೋಡ್ತಾ ಇದ್ದೀಯಲ್ಲ..."

"ನೋಡ್ತಾ ಇದ್ದೀನಿ. ಕೂತ್ಕೋ ಭಾವಾ. ಎದ್ರೆ ಕಾಲು ಮುರೀತೀನಿ."

ಆ ಕೈ ಬಿಡಲಿಲ್ಲ. ಹುಡುಗ ಚೇತರಿಸಿಕೊಂಡ ಮೇಲೂ ಬಿಡಲಿಲ್ಲ. ಕೊನೆಗೆ ಎದುರಾಳಿಯ ಒದೆತ ಕಂಬಗಳ ನಡುವೆ ಹಾದುಹೋಗಿ ಮೂರು ಅಂಕಗಳಿಂದ ಸೀಸನ್ ಮುಗಿದಾಗಲೂ ಮಣಿಕಟ್ಟು ಅವನ ಕೈಯಲ್ಲೇ ಇತ್ತು. ಈಗ ಒಂದಿಷ್ಟು ಕೆಂಪಾಗಿದೆ.

ಆಮೇಲೆ ಝಿಗ್ಗಿ ಅಂದ, "ಹುಡುಗನಿಗೆ ಇನ್ನೂ ಇಪ್ಪತ್ತೆರಡು."

"ಏಪ್ರಿಲ್‌ಗೆ ಇಪ್ಪತ್ತಮೂರು" ಎಂದಳು ಲೊರೇನ್. ಇವಳಿಗೆ ಅದೆಲ್ಲ ಯಾವಾಗ ಗೊತ್ತಾಯಿತು!

"ಮುಂದಿನ ಸೆಪ್ಟೆಂಬರ್, ಇಬ್ರೂ ಬೇಗ ಬನ್ನಿ" ಎಂದ. "ಸೋಫಾದಲ್ಲಿ ಜಾಗ ಹಿಡೀಬೇಕು." ನಾನು ನೋಡಿದರೆ ಸೋಲು ಎಂಬುದಕ್ಕೆ ನಾನೇ ಸಾಕ್ಷಿಯಾಗಿ ಪಕ್ಕದಲ್ಲೇ ಕೂತಿದ್ದೆ. ಆದರೂ ಹಾಗಂದ. ಪ್ರೊಫೆಸರ್ ಇದ್ದಿದ್ದರೆ ಇದಕ್ಕೂ ಒಂದು ಹೆಸರು ಹೇಳುತ್ತಿದ್ದರೇನೋ. ನನಗೆ ಗೊತ್ತಿಲ್ಲ.

ಈಗ ಆ ಎಸೆತ. ಅದನ್ನು ಸರಿಯಾಗಿ ಬರೆಯಬೇಕು, ಮರೆಯುವ ಮುಂಚೆ. ಆಟದ ಮೂರನೆಯ ಕಾಲು ಭಾಗ. ಎದುರಾಳಿಗಳು ಎರಡೂ ಕಡೆಯಿಂದ ಬಂದರು, ಅವತ್ತಿನ ಹಾಗೇ. ಉಸಿರು ಹಿಡಿದೆ. ಹುಡುಗ ಹೆದರಲಿಲ್ಲ. ಕ್ಷೌರಿಕ ತೋರಿಸಿದ್ದು ತಪ್ಪು, ಹಾಗಲ್ಲ ಅದು. ಅವಸರವೇ ಇಲ್ಲ. ಮಂಡಿಗೆ ಪಟ್ಟಿ ಕಟ್ಟಿದ್ದ ಕಾಲಿನ ಮೇಲೇ ಭಾರ ಹಾಕಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಳೆಯ ಗೆಳೆಯನಿಗೆ ಏನೋ ಕೊಡುವವನ ಹಾಗೆ ತೋಳು ಹಿಂದಕ್ಕೆ ತೆಗೆದು... ಬೆಳಕು ಹೋಗುತ್ತಿದೆ, ಬರೆದದ್ದು ಕಾಣುತ್ತಿಲ್ಲ, ಸಾಲು ಸಾಲಿನ ಮೇಲೆ ಏರುತ್ತಿದೆ. ಏಳಬೇಕು. ಚೆಂಡು ಆ ದೈತ್ಯರ ತಲೆಯ ಮೇಲೆ ಹಾದು, ಇನ್ನೂ ಏರುತ್ತಲೇ ಇತ್ತು, ನಾವು ನಾಲ್ವರೂ ಒಟ್ಟಿಗೆ ಎದ್ದು ನಿಂತೆವು, ಆಗ ನಾನು ಝಿಗ್ಗಿಯ ಕಡೆಗೆ ತಿರುಗಿ ಕೂಗಿದೆ.