ಟವೆಲ್ ಹಾಕಿದ ಸೀಟು

7-2-1983, ಸೋಮವಾರ

ಬೆಳಿಗ್ಗೆ ಮಕ್ಕಳಿಗೆ ಇಂಜೆಕ್ಷನ್. ಮಧ್ಯಾಹ್ನ ಸ್ಟೋ ಬತ್ತಿ ಕೆಟ್ಟಿತು. ಊರ ಯಜಮಾನ ಅಜ್ಜಯ್ಯ ಬಂದರು. ಊರಿಗೆ ಬಸ್ ಬೇಕೆಂಬ ಅರ್ಜಿ, ಎಲ್ಲರ ಹೆಬ್ಬೆಟ್ಟು ಆಗಿದೆ, ನನ್ನ ಸಹಿ ಒಂದೇ ಬಾಕಿ. ಹರಪನಹಳ್ಳಿಯಿಂದ ನಮ್ಮೂರ ಮೇಲೆ ಹಲವಾಗಲಿಗೆ. ಖುಷಿಯಿಂದ ಪೆನ್ನು ತೆಗೆದೆ. ಮಾಲೀಕನ ಹೆಸರು ನೋಡಿ ಮುಚ್ಚಿಟ್ಟೆ. ಬೊಮ್ಮಯ್ಯ!

ಹುಲುಗಮ್ಮನನ್ನು ಬೊಂಬಾಯಿಗೆ ಮಾರಿದವನು. ಆಗ ಕಂಡಕ್ಟರ್ ಆಗಿದ್ದ. ಈಗ ಜೈಲು ಮುಗಿಸಿ ಬಂದು ಬಸ್ಸಿನ ಧಣಿ.

"ಜೈಲಿಗೆ ಹೋಗಿ ಬಂದಾನಲ್ರಿ ಸಿಸ್ಟರಮ್ಮ, ಇನ್ನೇನು ನೇಣಿಗೆ ಹಾಕ್ಬೇಕಾ? ಊರಿಗೆ ಬಸ್ ಬರ್ತೈತಿ ನೋಡ್ರಿ."

"ಬಸ್ ಬರಲಿ ಯಜಮಾನ್ರ. ಅವಂದು ಬ್ಯಾಡ."

"ಬ್ಯಾರೆ ಯಾರು ಬರ್ತಾರ ಈ ದಾರಿಗೆ?"

ಹುಲುಗಮ್ಮ ಒಳಗೆ ನೆಲ ಒರೆಸುತ್ತಿದ್ದಳು. ಆಯಾ ಕೆಲಸಕ್ಕೆ ಸೇರಿದಾಗಿನಿಂದ ನನ್ನ ಜೊತೆಗೇ ಇದ್ದಾಳೆ, ಕೇಳಿಸಿರದೆ ಇರುತ್ತದೆಯೇ? ಒರೆಸಿದ ಕಡೆಯೇ ಮತ್ತೆ ಒರೆಸಿದಳು.

9-2, ಬುಧವಾರ

ತಕರಾರು ಅರ್ಜಿ ಬಳ್ಳಾರಿಯ ಆರ್.ಟಿ.ಓ. ಆಫೀಸಿಗೆ ಕಳಿಸಿದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತು — ಪೋಸ್ಟ್‌ಮನ್ ಬಾಯಿಗೆ ಬೀಗವಿಲ್ಲ. ನಾಗಕ್ಕ ಹಾಲು ತರಲಿಲ್ಲ. ಎಮ್ಮೆ ಬತ್ತಿತಂತೆ. ಪಕ್ಕದ ಮನೆಗೆ ಮಾತ್ರ ಹಾಲು ಕೊಟ್ಟಿತು ಅದೇ ಎಮ್ಮೆ.

24-2, ಗುರುವಾರ

ವಿಚಾರಣೆ. ಸಾಕ್ಷಿಗೆ ಬಾ ಎಂದು ಹುಲುಗಮ್ಮನನ್ನು ಹದಿನೈದು ದಿನ ಕಾಡಿದ್ದೆ. ಅವಳು ಬಸ್ ಹತ್ತುವವಳಲ್ಲ. ಕೊಟ್ಟೂರಿಗೂ ನಡೆದೇ ಹೋಗುತ್ತಾಳೆ. ಕೊನೆಗೆ ಹೂಂ ಅಂದಳು.

ಹರಪನಹಳ್ಳಿ ತನಕ ಇಬ್ಬರೂ ನಡೆದೆವು. ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಬಳ್ಳಾರಿ ಬಸ್ ಬಂದದ್ದೇ ಓಡಿದೆ, ಕಿಟಕಿಯಿಂದ ಟವೆಲ್ ಎಸೆದೆ, ನುಗ್ಗಿ ಹತ್ತಿದೆ. "ಬಾರೇ ಹುಲುಗಿ, ಕಿಟಕಿ ಸೀಟು ಹಿಡಿದೀನಿ!"

ಅವಳು ಬಾಗಿಲ ತನಕ ಬಂದಳು. ಸೀಟಿನ ಮೇಲಿನ ಟವೆಲ್ ನೋಡಿದಳು. ಇಳಿದು ಗುಂಪಿನಲ್ಲಿ ಹೋಗಿಯೇಬಿಟ್ಟಳು. ಕೂಗಿದೆ, ತಿರುಗಲಿಲ್ಲ. ಬಸ್ ಹೊರಟಿತು. "ಯಾರದ್ರೀ ಸೀಟು?" ಎಂದು ದಾರಿಯುದ್ದಕ್ಕೂ ಕೇಳಿದರು. ಬರ್ತಾರೆ, ಬರ್ತಾರೆ ಅಂದೆ. ಕೂಡ್ಲಿಗಿಯಲ್ಲಿ ಯಾರೋ ಟವೆಲ್ ಸರಿಸಿ ಕೂತರು.

ಆರ್.ಟಿ.ಓ. ಸಾಹೇಬರು ಒಳ್ಳೆಯ ಮನುಷ್ಯ, ಅದೇ ಕಷ್ಟ. "ಕುಡಿದು ಓಡಿಸಿದ್ರೆ ಲೈಸೆನ್ಸ್ ಕಿತ್ಕೋಬಹುದು ಮೇಡಂ. ಇದಕ್ಕೆ ರೂಲ್ಸಲ್ಲಿ ಏನೂ ಇಲ್ಲ."

"ಹುಡುಗಿಯನ್ನು ಮಾರಿದ್ರೆ ಬಸ್ ಓಡಿಸಬಹುದು, ಬ್ರಾಂದಿ ಕುಡಿದ್ರೆ ಓಡಿಸಬಾರದು, ಅಷ್ಟೇ ಅಲ್ವಾ ಸರ್?"

ಪೆನ್ನು ತಿರುವುತ್ತಾ, ಅನುಭವಿಸಿದವರೇ ಬಂದು ಹೇಳಿದರೆ ನೋಡೋಣ ಎಂದು ಮುಂದಿನ ತಿಂಗಳಿಗೆ ಹಾಕಿದರು. ಹೊರಗೆ ಬೊಮ್ಮಯ್ಯ ಕೈ ಮುಗಿದ. "ಆರಾಮ್ ಅದೀರಿ ಸಿಸ್ಟರ್ರ?"

25-2

ಹುಲುಗಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಬೈಯಬೇಕೆಂದೇ ಹೋದೆ. ತಲೆ ಎತ್ತದೆ ಹೇಳಿದಳು —

"ಅವತ್ತೂ ಸ್ಟ್ಯಾಂಡಿನಾಗ ಹಿಂಗ ರಶ್ ಇತ್ರಿ ಅಕ್ಕಾರ. ಪುಣೆದಾಗ ಮನಿ ಕೆಲಸ ಕೊಡಸ್ತೀನಿ ಅಂದಿದ್ದ. ಕಿಡಕ್ಯಾಗಿಂದ ಟವೆಲ್ ಒಗದ. ಹುಲುಗಿ, ನಿಂಗ ಸೀಟು ಹಿಡದೀನಿ ಬಾ, ಅಂದ. ನನಗಂತ ಅಲ್ಲೀತನಕ ಯಾರೂ ಏನೂ ಹಿಡಿದಿಟ್ಟಿದ್ದಿಲ್ರಿ. ಖುಷಿ ಆತು. ಓಡಿ ಹೋಗಿ ಕುಂತೆ."

ಬೂದಿ ಹಾಕಿ ಮತ್ತೆ ತಿಕ್ಕಿದಳು. ನಾನು ಪಕ್ಕದಲ್ಲಿ ಕೂತೆ. ಅವನದೇ ಮಾತು, ಅವನದೇ ಟವೆಲ್, ಅದೇ ಸ್ಟ್ಯಾಂಡ್… ಇನ್ನು ಬಾ ಎಂದು ಕರೆಯುವುದಿಲ್ಲ.

11-3, ಶುಕ್ರವಾರ

ದುರುಗಮ್ಮನ ಹೆರಿಗೆ. ಕೂಸು ಅಡ್ಡ ತಿರುಗಿತ್ತು. ಹರಪನಹಳ್ಳಿ ಆಸ್ಪತ್ರೆಗೆ ಚಕ್ಕಡಿಯಲ್ಲಿ, ಹೆಜ್ಜೆಗೊಂದು ಗುಂಡಿ, ಅವಳ ಕೂಗು. ತಾಯಿ ಮಗು ಉಳಿದರು. ಅವಳ ಅತ್ತೆ ನನ್ನ ಮುಖ ನೋಡಿ, "ಬಸ್ ಇದ್ದಿದ್ರ ಇಷ್ಟು ಒದ್ದಾಡ್ತಿದ್ದಿಲ್ಲ" ಅಂದಳು. ನಿಜವೇ. ಅದೇ ನನ್ನನ್ನು ತಿನ್ನುತ್ತಿದೆ. ಊರಲ್ಲಿ ಯಾರೂ ಮಾತಾಡಿಸುವುದಿಲ್ಲ. ಜ್ವರ ಬಂದರೆ ಬರುತ್ತಾರೆ, ಗುಳಿಗೆ ತೆಗೆದುಕೊಂಡು ಗೋಡೆ ನೋಡುತ್ತಾ ಹೋಗುತ್ತಾರೆ. ಒಂಟಿ ಅನ್ನಿಸುತ್ತದೆ. ತುಂಬಾ.

17-3, ಗುರುವಾರ

ವಿಚಾರಣೆಗೆ ಒಬ್ಬಳೇ ಹೊರಟಿದ್ದೆ. ಊರ ಹೊರಗೆ ಹುಣಸೆ ಮರದ ಹತ್ತಿರ ಹಿಂದೆ ಕೆಮ್ಮು. ಹುಲುಗಮ್ಮ! ಪಕ್ಕದಲ್ಲಿ ನಡೆದಳು. ಬಸ್ ಹತ್ತಿದಳು. ಖಾಲಿ ಸೀಟಿದ್ದರೂ ಬಳ್ಳಾರಿ ತನಕ ಕಂಬಿ ಹಿಡಿದು ನಿಂತಳು. ನಾನೂ ನಿಂತೆ. ಕಂಡಕ್ಟರ್ ಇಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿದ.

ಬೊಮ್ಮಯ್ಯನ ವಕೀಲರು ಎದ್ದರು. ಹಳೇ ಕೇಸಿಗೂ ಬಸ್ಸಿಗೂ ಏನು ಸಂಬಂಧ? ನಾನು ಬಾಯಿ ತೆಗೆಯುವ ಮೊದಲೇ ಅವಳು —

"ಸಂಬಂಧ ಬಸ್ಸಿಂದೇ ಐತ್ರಿ. ನಡಕೊಂಡು ಬಾ ಅಂದಿದ್ರ ನಾನು ಹೋಗ್ತಿದ್ದಿಲ್ಲ. ಸೀಟು ಹಿಡದಾನ ಅಂತ ನಂಬಿದೆ. ಇನ್ನ ಅವಂದ ಬಸ್ಸಾದ್ರ ಎಲ್ಲಾ ಸೀಟೂ ಅವಂದಲ್ರಿ?"

ಸಾಹೇಬರು ಅದನ್ನು ಹಾಗೇ ಬರೆದುಕೊಂಡರು. ಬೊಮ್ಮಯ್ಯ ಫ್ಯಾನ್ ನೋಡುತ್ತಿದ್ದ.

4-4, ಸೋಮವಾರ

ಆರ್ಡರ್ ಬಂತು. ಪರ್ಮಿಟ್ ಇಲ್ಲ. ಹುಲುಗಮ್ಮನಿಗೆ ಓದಿ ಹೇಳಿದೆ, ಇನ್ನೊಮ್ಮೆ ಓದ್ರಿ ಅಂದಳು. ಊರು ಸಾವಿನ ಮನೆಯ ಹಾಗೆ ಕೂತಿದೆ. ಬೇರೆ ಯಾರಾದರೂ ಬಸ್ ಹಾಕಲಿ ಎಂದು ಅರ್ಜಿ ಬರೆದೆ. ಒಬ್ಬರೂ ಹೆಬ್ಬೆಟ್ಟು ಒತ್ತಲಿಲ್ಲ. ಅಜ್ಜಯ್ಯನವರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ನೋಡಾಣ ತಗೋರಿ."

18-6, ಶನಿವಾರ

ನಾವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ! ಅದೇ ಬಸ್ಸು, ಅದೇ ದಾರಿ, ಅರ್ಜಿ ಈಗ ಹೆಂಡತಿ ಹೆಸರಿನಲ್ಲಿ. ಸೋಮವಾರ ವಿಚಾರಣೆ. ಆಕೆ ಯಾವ ಜೈಲಿಗೂ ಹೋದವಳಲ್ಲ. ಏನಂತ ವಾದಿಸಲಿ? ಸುಸ್ತಾಗಿದೆ. ವರ್ಗ ಕೇಳಿಬಿಡಲೇ?

20-6, ಸೋಮವಾರ. ಹರಪನಹಳ್ಳಿ ಸ್ಟ್ಯಾಂಡ್

ಜನವೋ ಜನ. ನನಗೆ ನುಗ್ಗುವ ಶಕ್ತಿಯೇ ಇಲ್ಲ. ಹೋಗುವುದೇ ಬೇಡ ಎಂದು ಕಟ್ಟೆ ಮೇಲೆ ಡೈರಿ ತೆಗೆದು ಕೂತುಬಿಟ್ಟಿದ್ದೇನೆ. ಹುಲುಗಮ್ಮ ನನ್ನ ಚೀಲಕ್ಕೆ ಕೈ ಹಾಕಿ ಟವೆಲ್ ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ಸಿನ ಕಡೆ ಓಡಿದಳು. ಟವೆಲ್ ಕಿಟಕಿಯೊಳಗೆ ಹೋಯಿತು.

"ಅಕ್ಕಾರ, ಬರ್ರಿ! ನಿಮಗ ಸೀಟು ಹಿಡದೀನಿ!"

ಈ ವಯಸ್ಸಿನ ತನಕ ನನಗೆ ಯಾರೂ ಏನೂ ಹಿಡಿದಿಟ್ಟಿರಲಿಲ್ಲ. ಮತ್ತೆ ಕೂಗುತ್ತಿದ್ದಾಳೆ, ಹೊರಟೆ.