ತಿಂದದ್ದಲ್ಲ, ರುಚಿ ನೋಡಿದ್ದು

ಮಾರ್ಚ್ 4, ಬೆಳಿಗ್ಗೆ 4:50

94.2 ಕಿಲೋ. ನಿನ್ನೆಗಿಂತ ಇನ್ನೂರು ಗ್ರಾಂ ಕಡಿಮೆ. ತೂಕದ ಮೆಷಿನ್ ಬಚ್ಚಲಿನ ಬಾಗಿಲ ಹತ್ತಿರ ಇಟ್ಟಿದ್ದೇನೆ, ಅಲ್ಲಿ ನೆಲ ಸಮ ಇದೆ. ಉಸಿರನ್ನೆಲ್ಲ ಬಿಟ್ಟು ನಿಂತೆ, ಅದಕ್ಕೂ ತೂಕ ಇರುತ್ತದೇನೋ ಎಂದು. ಹೆಂಡತಿ ಹಾಸಿಗೆಯಿಂದಲೇ ಎಷ್ಟು ಎಂದಳು. ಹೇಳಿದೆ. ಮಗ್ಗುಲು ಬದಲಿಸಿದಳು.

ಈಗ ಪುಸ್ತಕ ಎರಡು. ಒಂದು ಆಸ್ಪತ್ರೆಯ ಡಯಟ್ ಮೇಡಂ ಕೊಟ್ಟದ್ದು, ತಿಂದದ್ದೆಲ್ಲ ಅದರಲ್ಲಿ ಬರೆಯಬೇಕು. ಇದು ನನ್ನದು, ಯಾರಿಗೂ ತೋರಿಸುವಂತಿಲ್ಲ.

ಮಾರ್ಚ್ 5, ಮಧ್ಯಾಹ್ನ, ಕ್ಯಾಂಟೀನ್ ಸ್ಟೋರ್ ರೂಮು

ಆಸ್ಪತ್ರೆಯಲ್ಲಿ ಹೇಳಿದ್ದನ್ನು ಒಮ್ಮೆ ಸರಿಯಾಗಿ ಬರೆದಿಡಬೇಕು. ತಲೆಯಲ್ಲಿ ಎಲ್ಲ ಕಲಸಿಹೋಗುತ್ತಿದೆ.

ಅಕ್ಕನ ಲಿವರ್ ಕೆಟ್ಟಿದೆ. ಔಷಧಿಯಿಂದ ಸರಿಹೋಗುವ ಹಂತ ದಾಟಿದೆ. ಮನೆಯವರಲ್ಲಿ ಯಾರಾದರೂ ತಮ್ಮ ಲಿವರಿನ ಒಂದು ಭಾಗ ಕೊಟ್ಟರೆ ಬದುಕುತ್ತಾಳೆ. ಉಳಿದ ಭಾಗ ಕೊಟ್ಟವರ ಹೊಟ್ಟೆಯಲ್ಲಿ ಮತ್ತೆ ಬೆಳೆದುಕೊಳ್ಳುತ್ತದಂತೆ. ಭಾವನ ರಕ್ತ ಹೊಂದಲಿಲ್ಲ. ನನ್ನದು ಹೊಂದಿತು. ಆದರೆ ಸ್ಕ್ಯಾನ್ ನೋಡಿ ಸರ್ಜನ್ ತಲೆ ಆಡಿಸಿದರು: ನನ್ನ ಲಿವರಿನ ತುಂಬ ಕೊಬ್ಬು. ಹೀಗಿದ್ದರೆ ತೆಗೆದು ಅವಳಿಗೆ ಜೋಡಿಸಲಾಗದು, ಅಕ್ಕನಿಗೂ ಅಪಾಯ, ನನಗೂ ಅಪಾಯ. ಸುಮಾರು 87ಕ್ಕೆ ಇಳಿದು ಬಾ ಎಂದರು. ಮೂರು ತಿಂಗಳು ಅಕ್ಕ ತಡೆಯಬಹುದು. "ಬಹುದು" ಎಂದರು ಅಷ್ಟೇ.

ಉಪವಾಸ ಮಾತ್ರ ಬೇಡ ಎಂದು ಮೇಡಂ ಬೆರಳೆತ್ತಿ ಹೇಳಿದ್ದಾರೆ. ದಿನಕ್ಕೆ ಸಾವಿರದ ಆರುನೂರು ಕ್ಯಾಲೊರಿ. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಅನ್ನ ಅಥವಾ ಬ್ರೆಡ್, ಇನ್ನು ಕಾಲು ಬೇಳೆಯೋ ಮೊಟ್ಟೆಯೋ ಮೀನೋ. ಮುಕ್ಕಾಲು ಗಂಟೆ ನಡಿಗೆ. ವಾರಕ್ಕೆ ಅರ್ಧ, ಮುಕ್ಕಾಲು ಕಿಲೋ ಇಳಿದರೆ ಸಾಕು. ಆತುರಪಟ್ಟು ಹಸಿದುಕೊಂಡರೆ ಲಿವರ್ ಇನ್ನೂ ಕೆಡುತ್ತದಂತೆ.

ಇಪ್ಪತ್ತೆರಡು ವರ್ಷದಿಂದ ಅಡುಗೆಯವನು ನಾನು. ಈ ಕಾರ್ಖಾನೆಯ ಮುನ್ನೂರು ಜನರಿಗೆ ದಿನಾ ಹೊಟ್ಟೆ ತುಂಬಿಸುತ್ತೇನೆ. ನನ್ನ ಹೊಟ್ಟೆಗೆ ಎಷ್ಟು ಹೋಗುತ್ತದೆಂದು ಯಾವತ್ತೂ ಎಣಿಸಿರಲಿಲ್ಲ.

ಮಾರ್ಚ್ 19

93.6. ಎರಡು ವಾರಕ್ಕೆ ಬರೀ ಆರುನೂರು ಗ್ರಾಂ! ಬರೆದದ್ದನ್ನು ಮೂರು ಸಲ ಕೂಡಿದೆ, ಎಲ್ಲೂ ತಪ್ಪಿಲ್ಲ. ಅಳೆದು ಬಡಿಸಿಕೊಳ್ಳುತ್ತೇನೆ. ಬೆಣ್ಣೆ ಬಿಟ್ಟೆ. ಟೀಗೆ ಸಕ್ಕರೆ ಬಿಟ್ಟೆ. ಶಿಫ್ಟ್ ಮುಗಿಸಿ ಕಾರ್ಖಾನೆಯ ಕಾಂಪೌಂಡ್ ಸುತ್ತ ಏಳು ಸುತ್ತು. ವಾಚ್‌ಮನ್ ಮೊದಲ ದಿನ ಏನು ಕಳೆದುಹೋಯಿತು ಮಾಸ್ಟರ್ ಎಂದು ಕೇಳಿದ್ದ. ಈಗ ಸುತ್ತು ಎಣಿಸುತ್ತಾನೆ.

ಅಕ್ಕನಿಗೆ ಫೋನಿನಲ್ಲಿ ಎರಡು ಕಿಲೋ ಇಳಿದಿದ್ದೇನೆ ಎಂದೆ. ಸುಳ್ಳು. ಯಾಕೆ ಹೇಳಿದೆನೋ.

ಏಪ್ರಿಲ್ 2

93.5.

ಅಕ್ಕನ ಮನೆಗೆ ಹೋಗಿದ್ದೆ. ಕಣ್ಣಿನ ಬಿಳಿ ಪೂರ್ತಿ ಹಳದಿ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಊದಿದೆ. ಕುರ್ಚಿಯಿಂದ ಏಳಲು ಭಾವ ಕೈಕೊಡಬೇಕು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಗುಂಡು (ಚಿಕ್ಕಂದಿನಿಂದ ಹಾಗೇ ಕರೆಯುವುದು), ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಯಾರಿಗೆ ಯಾರು ಕೊಡುತ್ತಾರೆಂದೇ ತಿಳಿಯುವುದಿಲ್ಲ ಎಂದು ನಕ್ಕಳು. ಭಾವ ನಗಲಿಲ್ಲ. ನನ್ನ ಹೊಟ್ಟೆ ನೋಡಿದರು, ಗೋಡೆ ನೋಡಿದರು. ನೆಲ ಬಾಯಿಬಿಡಬಾರದೇ ಎನಿಸಿತು.

ಅಮ್ಮ ಹೋದಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ಸಾಕಿದ್ದು ಅವಳೇ. ಅದನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಈಗಲೂ "ಕೊಡು" ಎಂದು ಕೇಳಿಲ್ಲ. ಡಾಕ್ಟರು ಕೇಳಿದರು, ಭಾವ ಕೇಳಿದರು, ಅವಳು ಕೇಳಲಿಲ್ಲ.

ಏಪ್ರಿಲ್ 6

ಮಧ್ಯಾಹ್ನದ ಊಟ ಬಿಟ್ಟೆ. ಮೇಡಂ ಪುಸ್ತಕದಲ್ಲಿ ಬರೆದದ್ದು: ಅನ್ನ ಒಂದು ಬಟ್ಟಲು, ಮೊಟ್ಟೆ ಎರಡು, ಬೀನ್ಸ್.

ಏಪ್ರಿಲ್ 9

ಬೆಳಿಗ್ಗೆ ಟೀ. ಮಧ್ಯಾಹ್ನ ಸೌತೆಕಾಯಿ. ರಾತ್ರಿ ತಲೆನೋವು ಎಂದು ಮಲಗಿಬಿಟ್ಟೆ. ಪುಸ್ತಕದಲ್ಲಿ ಮೂರು ಹೊತ್ತೂ ಭರ್ತಿ ಊಟ ಬರೆದೆ. ಉಂಡು ಸುಳ್ಳು ಹೇಳುವವರನ್ನು ಕಂಡಿದ್ದೇನೆ, ಉಣ್ಣದೆ ಸುಳ್ಳು ಬರೆಯುವವನು ನಾನೊಬ್ಬನೇ ಇರಬೇಕು.

91.9. ಇಳಿಯುತ್ತಿದೆ! ಕೈ ನಡುಗುತ್ತಿದೆ, ಇರಲಿ.

ಏಪ್ರಿಲ್ 12

90.8. ನಿಂತರೆ ಕಣ್ಣು ಕತ್ತಲೆ. ನನ್ನ ಕೈಕೆಳಗಿನ ಅಡುಗೆಯವಳನ್ನು ಎಲ್ಲರೂ ಸೆಕೆಂಡ್ ಎಂದೇ ಕರೆಯುವುದು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ನಾಲಿಗೆಯಲ್ಲೂ. ನಿಮ್ಮ ಮುಖ ತೊಳೆದಿಟ್ಟ ಆಲೂಗಡ್ಡೆ ಆಗಿದೆ ಮಾಸ್ಟರ್ ಎಂದಳು. ಬೈದು ಕಳಿಸಿದೆ.

ಏಪ್ರಿಲ್ 17, ಮನೆ

ನಾಲ್ಕು ದಿನ ಬರೆಯಲು ಆಗಲಿಲ್ಲ.

ಹದಿಮೂರರಂದು ಸೂಪಿನ ದೊಡ್ಡ ಪಾತ್ರೆಯ ಮುಂದೆ ಬಿದ್ದೆನಂತೆ. ಬಿದ್ದದ್ದು ನನಗೆ ಗೊತ್ತಿಲ್ಲ. ಸೆಕೆಂಡ್ ಹಿಂದಿನಿಂದ ಕಾಲರ್ ಹಿಡಿದು ಎಳೆದಳಂತೆ. ಅವಳ ಕೈ ಒಂದು ಕ್ಷಣ ತಡವಾಗಿದ್ದರೆ ಮುಖ ಕುದಿಯುವ ಸೂಪಿನೊಳಗೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಲಿವರಿನ ಅಂಕಿಗಳು ಮಾರ್ಚಿಗಿಂತ ಕೆಟ್ಟಿವೆ. ಅಕ್ಕನಿಗೆಂದು ಇಟ್ಟದ್ದನ್ನು ನಾನೇ ಕೆಡಿಸಿದೆ. ಸರ್ಜನ್ ಆಪರೇಶನ್ ಮೂರು ವಾರ ಮುಂದಕ್ಕೆ ಹಾಕಿದರು. ಅಕ್ಕನ ಬಳಿ ಆ ಮೂರು ವಾರ ಇದೆಯೇ? ಭಾವ ವರಾಂಡದಲ್ಲಿ ನಿಂತಿದ್ದರು, ನನ್ನನ್ನು ಕಂಡು ಮೆಟ್ಟಿಲಿಳಿದು ಹೋದರು.

ಡಯಟ್ ಮೇಡಂ ಎದುರು ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಮೊದಲ ತಿಂಗಳು ನೀವು ನಿಜವನ್ನೇ ಬರೆದಿದ್ದರೆ ತೂಕ ಇಳಿಯಲೇಬೇಕಿತ್ತು, ಯಾಕೆ ಇಳಿಯಲಿಲ್ಲ ಎಂದು ಪೆನ್ನು ತೆಗೆದರು. ಎದ್ದ ಗಳಿಗೆಯಿಂದ ಒಂದೊಂದೇ ಹೇಳಿ ಎಂದರು. ಹೇಳುತ್ತ ಹೋದೆ. ಐದೂವರೆಗೆ ಒಲೆ ಹಚ್ಚುತ್ತೇನೆ. ಆರಕ್ಕೆ ಸೂಪಿನ ರುಚಿ ನೋಡುತ್ತೇನೆ. ಆರೂ ಕಾಲಿಗೆ ಗ್ರೇವಿ ನೋಡುತ್ತೇನೆ...

ಪೆನ್ನು ನಿಂತಿತು.

"ಏನು ಮಾಡ್ತೀರಿ?"

"ರುಚಿ ನೋಡ್ತೀನಿ, ಮೇಡಂ."

"ಯಾವುದರಿಂದ ನೋಡ್ತೀರಿ? ಕಣ್ಣಿಂದಲಾ?"

ನನಗೆ ಅರ್ಥವಾಗಲಿಲ್ಲ. ತಿಂದದ್ದನ್ನು ಬರೆಯಿರಿ ಎಂದಿದ್ದರು, ತಿಂದದ್ದನ್ನು ಬರೆದಿದ್ದೆ. ನೋಡಿದ್ದನ್ನು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅದು ಕೆಲಸ, ಊಟ ಅಲ್ಲವಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾವ ಅಡುಗೆಯವನೂ "ಗ್ರೇವಿ ತಿಂದೆ" ಎಂದದ್ದನ್ನು ನಾನು ಕೇಳಿಲ್ಲ.

ಮೇಡಂ ನಗಲೂ ಇಲ್ಲ, ನೊಂದುಕೊಳ್ಳಲೂ ಇಲ್ಲ. ನಾಳಿದ್ದು ಕೆಲಸಕ್ಕೆ ಹೋದ ಮೇಲೆ ಎಷ್ಟು ಚಮಚ ನೋಡುತ್ತೀರಿ ಎಂದು ಗೀಟು ಹಾಕಿಕೊಳ್ಳಿ ಎಂದರು.

ಏಪ್ರಿಲ್ 19

ಐವತ್ತೆರಡು.

ಒಲೆಯ ಪಕ್ಕದ ಗೋಡೆಯಲ್ಲಿ ಸೀಮೆಸುಣ್ಣದಿಂದ ಗೀಟು ಹಾಕಿದವಳು ಸೆಕೆಂಡ್. ಸೂಪ್ ಒಂಬತ್ತು. ಗ್ರೇವಿ ಹನ್ನೊಂದು. ಪುಡಿಂಗ್ ಎಂಟು. ಉಳಿದದ್ದು ಬೇಳೆ, ಪಲ್ಯ, ಅನ್ನ. ಕರಿದ ಆಲೂಗಡ್ಡೆ ಬೆಂದಿದೆಯೋ ಎಂದು ಬಾಯಿಗೆ ಹಾಕಿಕೊಂಡ ತುಂಡುಗಳು ಬೇರೆ. ಹಾಕಿಕೊಂಡದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಅವಳು "ಇಪ್ಪತ್ತೇಳು" ಎಂದಾಗ ನನ್ನ ಬಾಯಿ ಆಡುತ್ತಿತ್ತು. ಮೇಡಂ ಫೋನಿನಲ್ಲಿ ಕೂಡಿಸಿ, ಸುಮಾರು ಏಳುನೂರು ಕ್ಯಾಲೊರಿ ಎಂದರು. ಅಂದರೆ ಕಾಣದ ಒಂದು ಭರ್ತಿ ಊಟ, ದಿನಾ.

ಇನ್ನು ಮೇಲೆ ರುಚಿ ನೋಡುವುದು ಸೆಕೆಂಡ್. ನನಗೆ ಒಂದು ಅಡುಗೆಗೆ ಒಂದೇ ಸಲ, ಟೀ ಚಮಚದ ತುದಿ. ಅದನ್ನೂ ಬರೆಯಬೇಕು. ಮತ್ತೆ ಮೂರು ಹೊತ್ತೂ ಉಣ್ಣಬೇಕು, ತಪ್ಪಿಸುವಂತಿಲ್ಲ.

ಮೇ 3

91.2. ಉಪವಾಸ ಬಿಟ್ಟ ಮೇಲೆ ಏರಿದ್ದು ಮತ್ತೆ ಇಳಿಯುತ್ತಿದೆ. ನಿಧಾನ, ಮೇಡಂ ಹೇಳಿದ ಹಾಗೇ.

ಸೆಕೆಂಡ್ ನಾಲಿಗೆಗೆ ಉಪ್ಪು ಎಷ್ಟಿದ್ದರೂ ಸಾಲದು. ಲೇತ್ ವಿಭಾಗದವರು ತಟ್ಟೆ ಹಿಡಿದು ಬಂದು, ಸಮುದ್ರವನ್ನೇ ಒಲೆಯ ಮೇಲಿಟ್ಟಿರಾ ಎಂದು ಕೇಳಿದರು. ಅವಳು ಸೊಂಟಕ್ಕೆ ಕೈಕೊಟ್ಟು, ಈಜು ಬರದವರು ಮೊಸರು ಕಲಸಿಕೊಳ್ಳಿ ಎಂದಳು. ಬಹಳ ದಿನದ ಮೇಲೆ ನಕ್ಕೆ.

ಅಕ್ಕನ ಹೊಟ್ಟೆಯಿಂದ ನಿನ್ನೆ ನಾಲ್ಕು ಲೀಟರ್ ನೀರು ತೆಗೆದರಂತೆ.

ಮೇ 16, ಮಧ್ಯಾಹ್ನ 3

ಇದನ್ನು ಬರೆಯಲೇಬೇಕು. ಬೇರೆ ಎಲ್ಲೂ ಹೇಳಲಾಗದು.

ಇವತ್ತು ಎಲ್ಲರೂ ಹೋದ ಮೇಲೆ ಪುಡಿಂಗಿನ ಟ್ರೇ ಮುಂದೆ ನಿಂತಿದ್ದೆ. ಹಸಿವಿರಲಿಲ್ಲ. ಒಂದು ಗಂಟೆಗೆ ಹೊಟ್ಟೆ ತುಂಬ ಉಂಡಿದ್ದೆ, ಮೀನು, ಎಲೆಕೋಸು, ಅನ್ನ. ಆದರೂ ದೊಡ್ಡ ಚಮಚದಲ್ಲಿ ಆರು, ಏಳು... ನಿಂತುಕೊಂಡೇ. ಇದನ್ನು ರುಚಿ ನೋಡಿದೆ ಎನ್ನಲಾಗದು. ನುಂಗಿದೆ.

ನಿನ್ನೆ 89.6 ಬಂದಿತ್ತು. ಖುಷಿಯಾಗಬೇಕಿತ್ತು, ಹೆದರಿಕೆಯಾಯಿತು. ಇನ್ನು ಎರಡೂವರೆ ಕಿಲೋ, ಆಮೇಲೆ ನನ್ನ ಹೊಟ್ಟೆ ಸೀಳುತ್ತಾರೆ.

ತೂಕ ಇಳಿಯದಿದ್ದರೆ ನನ್ನನ್ನು ಯಾರೂ ಹೇಡಿ ಎನ್ನುವಂತಿಲ್ಲ. ಪಾಪ, ಪ್ರಯತ್ನಪಟ್ಟ, ಮೈ ಒಗ್ಗಲಿಲ್ಲ ಎನ್ನುತ್ತಾರೆ. ಅಕ್ಕನೂ ಹಾಗೇ ಅಂದುಕೊಂಡು ಹೋಗುತ್ತಾಳೆ. ಆ ಐವತ್ತೆರಡು ಚಮಚದಲ್ಲಿ ಅಭ್ಯಾಸ ಎಷ್ಟು, ಅಂಜಿಕೆ ಎಷ್ಟು? ನನಗೇ ಗೊತ್ತಿಲ್ಲ. ಕೊಡುವವರಲ್ಲೂ ಕೆಲವರು ಆಪರೇಶನ್ ಆದ ಮೇಲೆ ಏಳುವುದಿಲ್ಲವಂತೆ. ಬಹಳ ಅಪರೂಪ ಎಂದರು ಸರ್ಜನ್. ಆ ಅಪರೂಪದವನು ನಾನೇ ಎಂದು ಬೆಳಗಿನಿಂದ ಸಂಜೆಯವರೆಗೆ ಅನ್ನಿಸುತ್ತದೆ.

ಮೇಡಂ ಪುಸ್ತಕದಲ್ಲಿ ಬರೆದೆ: ಪುಡಿಂಗ್, ದೊಡ್ಡ ಚಮಚ, ಏಳು. ಅದರ ಮುಂದೆ: ಹೆದರಿಕೆಯಿಂದ.

ಮೇ 18

ಮೇಡಂ ಆ ಸಾಲು ಓದಿದರು. ಹೊಡೆದುಹಾಕುತ್ತಾರೆಂದುಕೊಂಡೆ. ಕೆಳಗೆ ಗೆರೆ ಎಳೆದು, ಇನ್ನು ಮೇಲೆ ಹೀಗೇ ಬರೆಯಿರಿ ಎಂದರು. ಹೆದರಿಕೆ ಬಂದಾಗ ಟ್ರೇ ಬಿಟ್ಟು ಕಾಂಪೌಂಡಿಗೆ ಹೋಗಿ, ಒಂದು ಸುತ್ತು ಮುಗಿಸಿ ಬನ್ನಿ, ಆಮೇಲೂ ಬೇಕೆನಿಸಿದರೆ ಕೂತು ತಿನ್ನಿ, ನಿಂತು ಬೇಡ.

ಇವತ್ತು ಹನ್ನೆರಡು ಸುತ್ತು. ವಾಚ್‌ಮನ್ ಎಣಿಕೆ ತಪ್ಪಿ ನನ್ನನ್ನೇ ಕೇಳಿದ.

ಜೂನ್ 13

86.9.

ಸ್ಕ್ಯಾನ್ ಸರಿ ಬಂದಿದೆ. ರಕ್ತವೂ ಸರಿ ಇದೆ. ಸರ್ಜನ್ ಕೈಕುಲುಕಿದರು. ಭಾವ ನನ್ನ ಭುಜ ಹಿಡಿದುಕೊಂಡು ಅತ್ತುಬಿಟ್ಟರು. ನಾನು ಅವರ ಬೆನ್ನು ಸವರುತ್ತ ಬಾಗಿಲ ಕಡೆ ನೋಡುತ್ತಿದ್ದೆ.

ಆಮೇಲೆ ಇನ್ನೊಬ್ಬ ಡಾಕ್ಟರು ನನ್ನೊಬ್ಬನನ್ನೇ ಸಣ್ಣ ಕೋಣೆಗೆ ಕರೆದರು. ಆಪರೇಶನ್ ಮಾಡುವವರಲ್ಲ, ಕೊಡುವವರ ಪರವಾಗಿ ಮಾತಾಡುವವರು. ಬಾಗಿಲು ಹಾಕಿದರು.

"ನಿಮಗೆ ಮನಸ್ಸಿಲ್ಲದಿದ್ದರೆ ಈಗ್ಲೂ ಬೇಡ ಅನ್ಬಹುದು. ಕಾರಣ ಹೇಳೋದು ಬೇಡ. ನಿಮ್ಮ ಲಿವರ್ ಹೊಂದಲಿಲ್ಲ ಅಂತ ಮನೆಯವರಿಗೆ ನಾವೇ ಹೇಳ್ತೀವಿ. ನಿಜ ಯಾರಿಗೂ ಗೊತ್ತಾಗಲ್ಲ."

ಮೈಯೆಲ್ಲ ಹಗುರಾಯಿತು. ಏಳು ಕಿಲೋ ಇಳಿದಾಗಲೂ ಅಷ್ಟು ಹಗುರಾಗಿರಲಿಲ್ಲ. ಆ ಹಗುರಕ್ಕೇ ಹೆದರಿ ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಜೂನ್ 14, ಸಂಜೆ

ಬೆಳಿಗ್ಗೆ ಇವಳಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸಲಿಲ್ಲ. ಮೂರು ತಿಂಗಳಿಂದ ಪ್ರತಿ ಬೆಳಿಗ್ಗೆ ಎಷ್ಟು ಎಂದು ಕೇಳುತ್ತಿದ್ದವಳು ತೂಕ ಏರಿದರೆ ಒಳಗೊಳಗೇ ಸಮಾಧಾನ ಪಡುತ್ತಿದ್ದಳಂತೆ. ಅದನ್ನು ಇವತ್ತು ಹೇಳಿದಳು. ಏನು ಮಾಡಲಿ ಎಂದು ಕೇಳಿದೆ.

"ನಾನು ಹೇಳಲ್ಲ ರೀ. ಮಾಡಿ ಅಂದು ನಿಮಗೇನಾದ್ರೂ ಆದ್ರೆ ನಾನು ಬದುಕಲ್ಲ. ಬೇಡ ಅಂದು ಅತ್ತಿಗೆ ಹೋದ್ರೆ ನೀವು ನನ್ನ ಮುಖ ನೋಡಲ್ಲ."

ಇಬ್ಬರೂ ಕೂತು ಬಟ್ಟೆ ಮಡಚಿದೆವು. ಎಲ್ಲ ಮುಗಿದ ಮೇಲೆ ಆಸ್ಪತ್ರೆಗೆ ಹೋದೆ. ಆ ಕೋಣೆಯಲ್ಲಿ ಸಹಿ ಹಾಕಿದೆ. ಹೆದರಿಕೆ ಹೋದ ಮೇಲೆ ಹಾಕೋಣ ಎಂದುಕೊಂಡಿದ್ದೆ. ಅದು ಹೋಗುವ ಜಾತಿಯದ್ದಲ್ಲ. ಅಕ್ಷರ ಸೊಟ್ಟಗಾಯಿತು, ಡಾಕ್ಟರು ಪರವಾಗಿಲ್ಲ ಎಂದರು.

ಜೂನ್ 21, ಬೆಳಿಗ್ಗೆ 5:40, ಆಸ್ಪತ್ರೆ

ನಿನ್ನೆ ಸಂಜೆಯೇ ಸೇರಿಸಿಕೊಂಡರು. ಹಸಿರು ಅಂಗಿ ತೊಡಿಸಿದ್ದಾರೆ, ಗುಂಡಿ ಬೆನ್ನ ಹಿಂದೆ, ಒಂದೇ ಒಂದು. ಇವಳು ಹೊರಗೆ ಬೆಂಚಿನ ಮೇಲಿದ್ದಾಳೆ. ಮಾತಾಡಿದರೆ ಅಳುತ್ತಾಳೆ, ಅದಕ್ಕೇ ನಾನು ಒಳಗೆ ಕೂತು ಬರೆಯುತ್ತಿದ್ದೇನೆ.

ಐದು ಗಂಟೆಗೆ ನರ್ಸ್ ಹತ್ತು ನಿಮಿಷ ಎಂದು ಅಕ್ಕನ ಕೋಣೆಗೆ ಬಿಟ್ಟರು. ಎಚ್ಚರವಿದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗುಂಡು, ಈಗಲೂ ಎದ್ದು ಹೋಗುವುದಾದರೆ ಹೋಗು, ನಾನು ಕೋಪ ಮಾಡಿಕೊಳ್ಳುವುದಿಲ್ಲ ಎಂದಳು. ಈ ಅಂಗಿಯಲ್ಲಿ ಬೀದಿಗೆ ಹೋದರೆ ಊರವರು ಕೋಪ ಮಾಡಿಕೊಳ್ಳುತ್ತಾರೆ ಎಂದೆ. ನಕ್ಕಳು, ನಗು ಕೆಮ್ಮಾಯಿತು, ನೀರು ಕುಡಿಸುವಂತಿರಲಿಲ್ಲ. ತುಟಿಗೆ ಒದ್ದೆ ಹತ್ತಿ ಒತ್ತಿದೆ.

ಹೊರಡಲು ಎದ್ದಾಗ ನನ್ನ ಕೈ ಹಿಡಿದಳು. ಅಷ್ಟು ಬಲ ಎಲ್ಲಿತ್ತೋ.

"ಗುಂಡು... ನಂಗೆ ಬದುಕಬೇಕು ಅಂತಿದೆ ಕಣೋ."

ಇಷ್ಟು ತಿಂಗಳಲ್ಲಿ ಮೊದಲ ಸಲ. ನನಗೆ ಗೊತ್ತಿದ್ದ ಮಟ್ಟಿಗೆ ಹುಟ್ಟಿದಾಗಿನಿಂದ ಅವಳು ನನ್ನಲ್ಲಿ ಏನಾದರೂ ಕೇಳಿದ್ದು ಇದೇ ಮೊದಲು. ನನಗೂ ಅಕ್ಕ, ಎಂದೆ. ಇಬ್ಬರೂ ಅಷ್ಟನ್ನೇ ಹೇಳಿ ಕೈ ಹಿಡಿದುಕೊಂಡು ಕೂತಿದ್ದೆವು, ನರ್ಸ್ ಬರುವ ತನಕ.

ಮೊದಲು ನನ್ನನ್ನು ಕರೆದೊಯ್ಯುತ್ತಾರಂತೆ. ಚಕ್ರದ ಸದ್ದು ಕೇಳಿಸುತ್ತಿದೆ. ಹೆದರಿಕೆ ಇದೆ. ಪೆನ್ನು ಇವಳ ಕೈಗೆ ಕೊಡಬೇಕು. ಅಕ್ಕ ಎದ್ದ ಮೇಲೆ ಯಾರಾದರೂ ಅವಳಿಗೆ ಮೊದಲು ಹೇಳಬೇಕಾದದ್ದು, ನಾನು ಹೆದರಿಕೊಂಡೇ ಬಂದೆ, ಆದರೆ ಎದ್ದು ಹೋಗಲಿಲ್ಲ ಎಂದು. ಬಂದರು.